ಅತ್ತೆಯ ಉಸಿರು, ನನ್ನ ಬೆರಳು

ನನ್ನ ಎಲೆಕ್ಟ್ರಾನಿಕ್ ಕೊಳಲು ಗೊತ್ತಲ್ಲ ಸ್ನೇಹಿತರೇ, ಊದಿದ ಉಸಿರನ್ನು ಕಂಪ್ಯೂಟರು ಬೇಕಾದ ವಾದ್ಯದ ದನಿ ಮಾಡಿಕೊಳ್ಳುತ್ತೆ. ಇವತ್ತು ಪಿಟೀಲಿನ ದನಿಗೆ ಊದಿ ಊದಿ ಸುಸ್ತಾದೆ. ರೆಕಾರ್ಡ್ ಮಾಡಿ ಕಳಿಸಿದ್ದನ್ನು ಹಾಡು ಮಾಡುತ್ತಿರುವ ಗೆಳತಿ ಪ್ರತಿ ಸಲವೂ "ಜೀವ ಇಲ್ಲ ಕಣೇ" ಅಂತ ವಾಪಸ್ ಕಳಿಸಿದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹಂಗೆ ಊದಿದ್ರೆ ಬೂದಿ ಹಾರ್ತದೆ ಅಷ್ಟೇಯ. ಕೊಡಿಲ್ಲಿ" ಅಂದರು. ದಿನಾ ತೆಂಗಿನ ಮಟ್ಟೆ ಹಾಕಿ ಬಚ್ಚಲಿನ ಹಂಡೆ ಒಲೆ ಊದುವವರು. ಬೆರಳು ನಾನಿಟ್ಟೆ, ಅವರು ಊದಿದರು. ಮೊದಲು ಕೆಂಡಕ್ಕೆ ಊದುವ ಹಾಗೆ ಸಣ್ಣಗೆ, ಆಮೇಲೆ ನಿಧಾನಕ್ಕೆ ತುಂಬಿಕೊಂಡು. ಕಂಪ್ಯೂಟರಿನಲ್ಲಿ ಪಿಟೀಲು ಜೀವ ಬಂದ ಹಾಗೆ ನುಡಿಯಿತು. "ಇದು ನನ್ನ ಉಸಿರೇನೇ?" ಅಂದರು ಅತ್ತೆ, ಮೆಲ್ಲಗೆ.

ಕಳಿಸಿದ ತಕ್ಷಣ ಗೆಳತಿಯ ಫೋನು. "ಯಾರು ಊದಿದ್ದು? ಕೊಡು, ಮಾತಾಡಬೇಕು."

ನಮ್ಮತ್ತೆ, ಈಗ ಸಿಗಲ್ಲ, ಒಲೆ ಆರುತ್ತೆ ಅಂತ ಬಚ್ಚಲಿಗೆ ಹೋದರು ಅಂದೆ.