ಬಾಗಿಲಿಗಿಂತ ಅಗಲವಾದ ಕಪಾಟು

"ಶಾಲೆಯ ಕಪಾಟನ್ನು ಗೆದ್ದಲು ತಿಂದುಹಾಕಿತು" ಎಂದು ಮಧುಗಿರಿ ಸೀಮೆಯ ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ, ಅದನ್ನು ಬೇವಿನ ಹಲಗೆಗಳಿಂದ ಮಾಡಿದವನು ನಾನೇ. ಮಕ್ಕಳ ಪುಸ್ತಕಗಳಿಗೆಂದು ತರಗತಿಯೊಳಗೇ ಕುಳಿತು, ಬಾಗಿಲಿಗಿಂತ ಅಗಲವಾಗಿ ಜೋಡಿಸಿದ್ದೆ.

"ಏನಣ್ಣ, ಇಂಗೆ ಮಾಡ್ಬುಟ್ಟೆ? ಬಾಗ್ಲಲ್ಲಿ ಆಚೆಗೇ ಹೋಗಲ್ವಲ್ಲ!" ಎಂದು ಬಿಸಿಯೂಟದ ಅಡುಗೆಯಮ್ಮ ನಕ್ಕಿದ್ದರು.

"ಹೋಗ್ಬಾರ್ದು ಅಂತಾನೇ ಕಣಮ್ಮ. ಇದು ಇರೋಗಂಟ ಸ್ಕೂಲೂ ಇರ್ಲಿ."

ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಕಪಾಟನ್ನು ಪಕ್ಕದೂರಿನ ಶಾಲೆಗೆ ಸಾಗಿಸಲು ನಮ್ಮೂರಿನವರೇ ಅದನ್ನು ನಡುವೆ ಕೊಯ್ದರು. ಆ ನಾಚಿಕೆಗೇ ಗೆದ್ದಲಿನ ಕಥೆ ಹುಟ್ಟಿತು. ಕೊಯ್ಯುವಾಗ ನಾನೂ ತಡೆಯಲಿಲ್ಲ. ತಡೆದು ಯಾರಿಗಾಗಿ ಉಳಿಸಿಕೊಳ್ಳಬೇಕಿತ್ತು?

ಆ ಶಾಲೆಯಲ್ಲಿ ಜಾಗ ಸಾಲದೆಂದು ಒಯ್ಯದೆ ಬಿಟ್ಟ ಅರ್ಧ ಇಂದಿಗೂ ನಮ್ಮ ಶಾಲೆಯ ಜಗಲಿಯ ಮೇಲಿದೆ. ಅದರ ಅಂಚಿನಲ್ಲಿ ಗರಗಸದ ಗೆರೆಗಳಿವೆ. ಗೆದ್ದಲು ಕೊರೆದ ಒಂದು ತೂತೂ ಇಲ್ಲ. ಯಾರು ಬೇಕಾದರೂ ಬಂದು ನೋಡಬಹುದು.