ಫೋನಿನ ಆಚೆ ನಾನೇ ಇದ್ದೆ

ಕ್ಯಾಮೆರಾದ ಮುಂದೆ ಕೂರುವ ಮೊದಲು ಮಾಸ್ತರು ಅಂಗೈಗೆ ಒಂದು ಹನಿ ತೆಂಗಿನೆಣ್ಣೆ ಹಾಕಿಕೊಂಡು, ಬೆಳ್ಳಗಿನ ದಪ್ಪ ಹುಬ್ಬುಗಳನ್ನು ನೀವಿ ಕೂರಿಸುತ್ತಿದ್ದರು. ಹುಬ್ಬು ಕೆದರಿದವನ ಮಾತನ್ನು ಜನ ನಂಬುವುದಿಲ್ಲವೆಂದು ಅವರ ಲೆಕ್ಕ. ಅವರ ವಿಷಯ ಬರೆಯಬೇಕೆಂದುಕೊಂಡು ವರ್ಷಗಳಿಂದ ಮುಂದೂಡುತ್ತಲೇ ಬಂದೆ. ಅವರ ಬಗ್ಗೆ ಬರೆದರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ.

ಎರಡು ಸಾವಿರದ ಇಸವಿಯ ಈಚಿನ ವರ್ಷಗಳು. ಮೂಡುಬಿದಿರೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಕೇಬಲ್ ಚಾನೆಲ್ ಇತ್ತು. ಹೈಸ್ಕೂಲಿಗೇ ಓದು ಮುಗಿಸಿ, ತುಳು ನಾಟಕಗಳಲ್ಲಿ ಹಾಸ್ಯಪಾತ್ರ ಮಾಡಿಕೊಂಡಿದ್ದ ನನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವರು ಮಾಸ್ತರೇ. ಶಾಲೆಯ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಶನಿವಾರ ಸಂಜೆ ನೇರಪ್ರಸಾರದಲ್ಲಿ ಊರಿನ ಸಂಗತಿಗಳ ಬಗ್ಗೆ ಮಾತಾಡುತ್ತಿದ್ದರು. ಜನ ಫೋನ್ ಮಾಡಿ ಪ್ರಶ್ನೆ ಕೇಳಬಹುದಿತ್ತು. ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ಬೆವರುತ್ತಾ, ನಿಧಾನವಾಗಿ ಪುಸ್ತಕದ ಕನ್ನಡ ಆಡುತ್ತಿದ್ದರು.

ಮಕ್ಕಳು ಕಡಿಮೆ ಇರುವ ಸರಕಾರಿ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವ ಯೋಜನೆ ಬಂದಾಗ ಮಾಸ್ತರು ಅದನ್ನು ಚೆನ್ನಾಗಿ ಜಾಡಿಸಿದರು. ಸ್ವಲ್ಪ ದಿನಕ್ಕೆ ಮಂಗಳೂರಿನಿಂದ ಜೀಪಿನಲ್ಲಿ ಒಬ್ಬ ಅಧಿಕಾರಿ ಬಂದುಹೋದರು. ಆಮೇಲೆ ಮಾಸ್ತರಿಗೆ ಅದೇ ಯೋಜನೆಯಲ್ಲಿ ಒಳ್ಳೆಯದೇ ಕಾಣತೊಡಗಿತು. ಸರಕಾರದಿಂದ ತಿಂಗಳು ತಿಂಗಳು ಸಂಭಾವನೆ ಬರುತ್ತಿತ್ತು. ನನ್ನೆದುರು ಅದನ್ನು ಮುಚ್ಚಿಡುವ ನಾಚಿಕೆಯೂ ಅವರಿಗಿರಲಿಲ್ಲ.

"ವಕೀಲರು ಫೀಸು ತೆಗೆದುಕೊಳ್ಳುವುದಿಲ್ವಾ? ಸರಕಾರಕ್ಕೂ ಒಬ್ಬ ವಕೀಲ ಬೇಕು ಮಾರಾಯ" ಎಂದಿದ್ದರು.

ವಕೀಲ ಯಾರ ಪರವೆಂದು ಕೋರ್ಟಿಗೆ ಗೊತ್ತಿರುತ್ತದೆ. ಟಿ.ವಿ. ಮುಂದೆ ಕೂತ ನಮ್ಮ ಜನರಿಗೆ ಗೊತ್ತಿರಲಿಲ್ಲ.

ಅವರೊಬ್ಬರು ಹೊಗಳಿದರೆ ಸಾಲದಾಯಿತು, ಫೋನುಗಳೂ ಹೊಗಳಬೇಕಾಯಿತು. ಕೇಬಲ್ ಕೆಟ್ಟಾಗ ಜನ ದೂರು ಹೇಳುವ ಫೋನು ಪಕ್ಕದ ಕೋಣೆಯಲ್ಲಿತ್ತು. ಅದರಿಂದ ನಾನು ಸ್ಟುಡಿಯೋಗೆ ಫೋನ್ ಮಾಡುತ್ತಿದ್ದೆ. ಒಂದು ವಾರ ಬೆಳುವಾಯಿಯ ಕೆಮ್ಮುವ ಮುದುಕನಾದರೆ, ಇನ್ನೊಂದು ವಾರ ದುಬೈಯಿಂದ ರಜೆಯಲ್ಲಿ ಬಂದ ಬ್ಯಾರಿ ಸಾಹೇಬ. ಮಾಸ್ತರು ಹೇಳಿಕೊಟ್ಟ ಪಾಠ ಒಂದೇ: "ಮೊದಲು ನನಗೆ ಸ್ವಲ್ಪ ಬೈ, ಮತ್ತೆ ಒಪ್ಪು. ಬರೀ ಹೊಗಳಿದರೆ ನಾಟಕ ಅಂತ ಗೊತ್ತಾಗ್ತದೆ." ಸುಳ್ಳು ಹೇಳಲಾರೆ, ಆ ಆಟ ನನಗೂ ಖುಷಿ ಕೊಡುತ್ತಿತ್ತು.

ಒಂದು ಶನಿವಾರ ಹೆಂಗಸೊಬ್ಬರು ಫೋನ್ ಮಾಡಿದರು. ಹೆಸರು ಹೇಳಲಿಲ್ಲ. "ಮಳೆಗಾಲದಲ್ಲಿ ಒಂದನೇ ಕ್ಲಾಸಿನ ಮಕ್ಕಳು ತುಂಬಿ ಹರಿಯುವ ತೋಡಿನ ಮೇಲಿನ ಮರದ ಸಂಕ ದಾಟಿ ಅಷ್ಟು ದೂರ ಹೇಗೆ ಹೋಗುವುದು ಸರ್? ಮೊನ್ನೆ ಮೊನ್ನೆ ನೀವೇ ಇದನ್ನು ಕೇಳಿದ್ದಿರಿ. ನಿಮಗೆ ಉತ್ತರ ಸಿಕ್ಕಿತಾ?"

ಮಾಸ್ತರು ನನ್ನ ಕೋಣೆಯ ಬಾಗಿಲ ಕಡೆ ನೋಡಿದರು. ಆ ದನಿ ನನಗೆ ಗೊತ್ತಿತ್ತು. ಪುತ್ತಿಗೆ ಕಡೆಯ ನಮ್ಮ ಸಣ್ಣ ಶಾಲೆಯ ಟೀಚರ್. ನನ್ನ ಮಗಳು ಅವರ ಹತ್ತಿರ ಎರಡನೇ ಕ್ಲಾಸು ಓದುತ್ತಿದ್ದಳು. ಅವರ ಕರೆ ಮುಗಿದದ್ದೇ ನಾನು ಫೋನೆತ್ತಿ ಸ್ವರ ಬದಲಿಸಿದೆ.

"ನಾನು ಪುತ್ತಿಗೆ ಕಡೆಯ ಸಣ್ಣ ಶಾಲೆಗೆ ಮಗಳನ್ನು ಕಳಿಸುವವ ಮಾಷ್ಟ್ರೇ. ಈಗ ಮಾತಾಡಿದ್ದು ನಮ್ಮ ಟೀಚರೇ. ಅವರಿಗೆ ಮಕ್ಕಳ ಚಿಂತೆ ಎಂಥದ್ದೂ ಇಲ್ಲ. ಮನೆ ಹತ್ತಿರದ ಕೆಲಸ ಹೋಗ್ತದಲ್ಲ, ಅದರ ಸಂಕಟ."

ಮಾಸ್ತರು ನಕ್ಕರು. ಆ ರಾತ್ರಿ ಹೋಟೆಲಿನಲ್ಲಿ ಜನರೂ ನಕ್ಕರು.

ಸರಕಾರಿ ನೌಕರಿಯಲ್ಲಿದ್ದು ಸರಕಾರದ ವಿರುದ್ಧ ಮಾತಾಡಿದರೆಂದು ಟೀಚರಿಗೆ ನೋಟಿಸು ಬಂತು. ಬೆಳ್ತಂಗಡಿಯ ಒಳಗಿನ ಒಂದು ಹಳ್ಳಿಗೆ ವರ್ಗವಾಯಿತು. ಶಾಲೆಯೂ ಮುಚ್ಚಿತು. ಮಗಳ ಟಿ.ಸಿ. ತರಲು ಹೋದಾಗ, ಹೊರಡುವ ತಯಾರಿಯಲ್ಲಿದ್ದ ಟೀಚರೇ ಕೊಟ್ಟರು. "ಒಂದು ಒಳ್ಳೆ ಕೊಡೆ ತೆಗೆದುಕೊಡಿ ಅವಳಿಗೆ. ದಾರಿ ದೂರ ಉಂಟು" ಎಂದರು. ನನ್ನ ನಾಟಕಗಳನ್ನು ನೋಡಿ ನಗುತ್ತಿದ್ದವರು ಅವರು. ಎಷ್ಟು ಸ್ವರ ಬದಲಿಸಿದರೂ ಅವರಿಗೆ ಗೊತ್ತಾಗದೆ ಇದ್ದೀತೇ?

ಮಾಸ್ತರು ತೀರಿಕೊಂಡಾಗ ಸಂತಾಪ ಸಭೆಯಲ್ಲಿ ಅವರನ್ನು ನಿರ್ಭೀತ ದನಿಯೆಂದು ಕರೆದರು. ನನ್ನನ್ನೂ ಎಬ್ಬಿಸಿದರು. ನಾನೂ ಅದನ್ನೇ ಹೇಳಿ ಕುಳಿತೆ. ಅವರು ನನಗೆ ಅನ್ನ ಕೊಟ್ಟದ್ದು ನಿಜ. ಊರಿನ ನಂಬಿಕೆಯನ್ನು ಮಾರಿ ತಂದ ಅನ್ನ ಅದು, ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆ ಸಂಜೆ ಅವರು ಬಾಗಿಲ ಕಡೆ ನೋಡಿದ್ದಷ್ಟೇ. ಮಾತುಗಳೆಲ್ಲ ನನ್ನವು.

ಕೆಲವು ವರ್ಷಗಳ ಹಿಂದೆ ಬೆಳ್ತಂಗಡಿ ಬಸ್ ನಿಲ್ದಾಣದಲ್ಲಿ ಆ ಟೀಚರ್ ಕಂಡರು. ಮಗಳು ಏನು ಮಾಡುತ್ತಿದ್ದಾಳೆಂದು ಅವರು ಖಂಡಿತ ಕೇಳುತ್ತಿದ್ದರು. ನಾನು ಕಂಬದ ಮರೆಗೆ ಸರಿದೆ. ಅವರ ಬಸ್ಸು ಹೋಯಿತು. ಇವತ್ತಿಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಅವರ ಹತ್ತಿರ, ನನ್ನ ಮಗಳಿಗೆ ಅಕ್ಷರ ತಿದ್ದಿಸಿದ ಟೀಚರ ಹತ್ತಿರ.