ಹೂವು ಬಿಡದ ಅಗಸೆ

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಏನು ಕೆಟ್ಟರೂ ಅದಿರಿನ ಧೂಳಿನ ತಲೆಗೆ ಕಟ್ಟುವುದು ರೂಢಿಯಾಗಿತ್ತು. ಕೆಮ್ಮು ಬಂದರೆ ಧೂಳು, ಹಾಲು ಒಡೆದರೆ ಧೂಳು, ಮಗ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದರೂ ಧೂಳು. ಧೂಳೇನು ಸಾಚಾ ಅಲ್ಲ ಬಿಡಿ. ಹೊಸಪೇಟೆಯಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗುತ್ತಿತ್ತು, ಉಟ್ಟವರು ಸನ್ಯಾಸ ತೆಗೆದುಕೊಳ್ಳುವುದೊಂದೇ ಬಾಕಿ. ಆದರೆ ಮಾಡದ ತಪ್ಪನ್ನೂ ಧೂಳು ಹೊರಬೇಕಾಗಿ ಬಂದದ್ದು ನಮ್ಮ ಮನೆಯಲ್ಲೇ.

ಸಂಡೂರು ರಸ್ತೆಗೆ ಅಂಟಿಕೊಂಡು ನಮ್ಮತ್ತೆಯದೊಂದು ಹೊಲವಿತ್ತು. ಜೋಳದ ನಡುವೆ ಅಗಸೆಯ ಸಾಲು ಬಿತ್ತುವುದು ಅವರ ಹಟ. ಬೀಜ ಅವರ ತವರಿನದು. ಅಂಗಡಿಯ ಅಗಸೆಯಲ್ಲಿ ಚಟ್ನಿಪುಡಿ ಕುಟ್ಟಿದರೆ ಮುಟ್ಟುತ್ತಿರಲಿಲ್ಲ. ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಆ ಹೊಲದ ಮೇಲೆ ಬೇರೆಯೇ ಕಣ್ಣು. ಅಕ್ಕಪಕ್ಕದವರೆಲ್ಲ ತಮ್ಮ ಹೊಲಗಳನ್ನು ಅದಿರು ಸುರಿಯುವುದಕ್ಕೆ ಕೊಟ್ಟು ಜೀಪು ಕೊಂಡಿದ್ದರು. ಭಾವನವರೂ ಜೀಪು ಮೊದಲೇ ಕೊಂಡಿದ್ದರು, ಹೊಲ ಕೊಡುವುದು ಬಾಕಿಯಿತ್ತು. ದಿನಾ ಪೀಡಿಸುತ್ತಿದ್ದ ಮಗನಿಗೆ ಅತ್ತೆ ಒಮ್ಮೆ ಸಿಟ್ಟಿನಲ್ಲಿ, "ಈ ಸಲ ಅಗಸಿ ಕೈಕೊಟ್ರ ಸಹಿ ಮಾಡ್ತೀನಿ, ಹೋಗ್" ಅಂದುಬಿಟ್ಟರು. ಭಾವನವರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಅಗಸೆ ಹೂವಾಡುವ ಹೊತ್ತಿಗೆ ಒಂದು ಬೆಳಿಗ್ಗೆ ಅತ್ತೆಯನ್ನೂ ನನ್ನನ್ನೂ ಜೀಪಿನಲ್ಲಿ ಕರೆದೊಯ್ದರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವಳು. ಓದಿದ ಸಾಕ್ಷಿ ಬೇಕಿತ್ತು ಅವರಿಗೆ. ನೇರವಾಗಿ ಹೊಲದ ಒಳಮೂಲೆಗೆ, ಹಳ್ಳದ ದಂಡೆಗೆ ನಡೆಸಿದರು. ಅಲ್ಲಿ ಅಗಸೆ ಪೊದೆಪೊದೆಯಾಗಿತ್ತು. ಒಂದು ನೀಲಿ ಹೂವಿಲ್ಲ, ಒಂದು ಕಾಯಿಯಿಲ್ಲ.

"ನೋಡವಾ, ಧೂಳು ಕುಂತು ಹೂವೆಲ್ಲಾ ಉದುರ್ಯಾವ. ಇನ್ ಈ ಹೊಲದಾಗ ಏನೂ ಬೆಳ್ಯಂಗಿಲ್ಲ. ನೀನ ಹೇಳು ನಮ್ಮವ್ವಗ" ಅಂದರು ನನಗೆ.

ಅತ್ತೆಗೆ ಆ ಮೂಲೆಯೇ ಪ್ರಾಣ. ಒಳ್ಳೆಯ ಗಿಡಗಳನ್ನು ಬೀಜಕ್ಕೆಂದು ಮೊದಲೇ ಆರಿಸಿ, ಹಳೇ ಸೀರೆಯ ಚಿಂದಿ ಕಟ್ಟಿಡುವುದು ಅವರ ಪದ್ಧತಿ. ರಸ್ತೆ ಕಡೆಯ ಗಿಡಗಳು ಕೆಂಪಾಗಿ ಕುಳ್ಳಗಿದ್ದವೆಂದು ಅವನ್ನು ಕೈಬಿಟ್ಟು, ಚಿಂದಿಯನ್ನೆಲ್ಲ ಈ ಹಸಿರು ಪೊದೆಗಳಿಗೇ ಕಟ್ಟಿದ್ದರು. "ಹೂ ತಡಾ ಆಗ್ಯಾವಷ್ಟ. ಎಷ್ಟ್ ಹಸರ್ ಅದಾವ ನೋಡು" ಅಂದರು.

ಒಂದು ಗಿಡದ ತುದಿಯನ್ನು ಕುಡಿಯುವ ನೀರಿನಲ್ಲಿ ತೊಳೆದು ನೋಡಿದೆ. ಹೂವು ಉದುರಿರಲಿಲ್ಲ, ಹೂವೇ ಎಲೆಯಾಗಿತ್ತು. ಎಸಳು ಇರಬೇಕಾದ ಕಡೆ ಪುಟ್ಟಪುಟ್ಟ ಹಸಿರೆಲೆಗಳ ಗೊಂಚಲು. ಎದ್ದು ರಸ್ತೆಯ ಪಕ್ಕಕ್ಕೆ ಹೋದೆ. ಅಲ್ಲಿ ಲಾರಿ ಕ್ಲೀನರನಷ್ಟೇ ಕೆಂಪಾಗಿದ್ದ ಗಿಡಗಳು ನೀಲಿ ಹೂ ಬಿಟ್ಟು ನಿಂತಿದ್ದವು, ಕೆಳಗೆ ಕಾಯಿ ಕಟ್ಟಿತ್ತು. ಧೂಳೇ ಕಾರಣವಾಗಿದ್ದರೆ ಮೊದಲು ಸಾಯಬೇಕಾದವು ಇವು. ಖುಷಿಗೆ ಕೂಗಬೇಕೆನಿಸಿತು, ಆದರೆ ಭಾವನವರ ಎದುರು ಊಹೆಯ ಮೇಲೆ ಬಾಯಿಬಿಡುವಂತಿರಲಿಲ್ಲ.

ನಾಲ್ಕು ಗಿಡಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ನನಗೆ ಪಾಠ ಹೇಳಿದ್ದ ಮೇಷ್ಟ್ರ ಹತ್ತಿರ ಹೋದೆ. ಟವೆಲು ಬಿಚ್ಚುತ್ತಲೇ ಅವರು ಗುರುತು ಹಿಡಿದರು. ಫೈಟೊಪ್ಲಾಸ್ಮಾ ಅನ್ನುವ ಜಾತಿಯ ಬ್ಯಾಕ್ಟೀರಿಯಾ. ಮೈಗೆ ಗೋಡೆಯಿಲ್ಲ, ಕಾಲೇಜಿನ ಸೂಕ್ಷ್ಮದರ್ಶಕಕ್ಕೆ ಕಾಣಿಸಿಕೊಳ್ಳುವ ಮರ್ಯಾದೆಯೂ ಇಲ್ಲ. ಹಳ್ಳದ ಕಳೆಯಿಂದ ಜಿಗಿಹುಳು ಹೊತ್ತು ತರುತ್ತದೆ. ಮದ್ದಿಲ್ಲ, ಕಿತ್ತು ಸುಡಬೇಕು. ಆದರೆ ಮಣ್ಣಿನಲ್ಲಿ ಉಳಿಯುವುದಿಲ್ಲ, ಹೊಲಕ್ಕೇನೂ ಆಗಿಲ್ಲ ಅಂದರು.

ಮರುದಿನ ಮೇಷ್ಟ್ರು ಹೇಳಿದ್ದನ್ನೆಲ್ಲ ಹೊಲದಲ್ಲೇ ಇಬ್ಬರಿಗೂ ಹೇಳಿದೆ. "ಅತ್ತಿ, ಇವನ್ನ ಕಿತ್ತು ಸುಡಬೇಕ್ರಿ. ಇಲ್ಲಾಂದ್ರ ರಸ್ತಿ ಕಡಿ ಗಿಡಕ್ಕೂ ಹತ್ತತೈತ್ರಿ."

"ಚಿಂದಿ ಕಟ್ಟಿದ್ವೂ?"

"ಅವನ್ನ ಮೊದ್ಲು ಕೀಳಬೇಕ್ರಿ."

"ನಿನ್ನ ಬಾಯಾಗ ಮಣ್ಣ ಬೀಳ" ಅಂದರು ಅತ್ತೆ. ಅಂದು, ಸೆರಗು ಸಿಕ್ಕಿಸಿ ಕೂತು ಕೀಳತೊಡಗಿದರು. ಪ್ರತಿ ಗಿಡದಿಂದ ಚಿಂದಿ ಬಿಚ್ಚಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಅವರು ಅತ್ತದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು. ಸಂಕಟವಾಯಿತು, ನಾನೂ ಪಕ್ಕದಲ್ಲಿ ಕೂತು ಕಿತ್ತೆ.

ಭಾವನವರು ಬದುವಿನ ಮೇಲೆ ನಿಂತೇ ಇದ್ದರು. "ಅರ್ಧಾ ಅಗಸಿ ಹೋತಲ್ಲ ಯವ್ವಾ. ಕೊಟ್ಟ ಮಾತು ಕೊಟ್ಟಂಗ ಸಹಿ ಮಾಡು" ಅಂದರು.

ಅತ್ತೆ ಕೈಯ ಮಣ್ಣು ಕೊಡವಿ ಎದ್ದರು.

"ರೋಗ ಬಂದದ್ದು ಬೆಳೀಗೆ ಲೇ, ಹೊಲಕ್ಕಲ್ಲ. ನೀ ಸಣ್ಣಾಂವ ಇದ್ದಾಗ ದಡಾರ ಬಂದಿತ್ತು. ಆಗ ನಿನ್ನ ಯಾರಿಗಾರ ಕೊಟ್‌ಬಿಟ್ಟಿದ್ನೇನು?"